ಮುತ್ತಾತನ ಅಪ್ಪನ ಹೆಸರೇನು? ನಮ್ಮೂರಿನ, ನಮ್ಮ ಮನೆತನದ ಚರಿತ್ರೆ ಎಲ್ಲೆಲ್ಲಿ ಸಿಗುತ್ತದೆ

ನಿಮ್ಮ ತಾತನ ಹೆಸರು ನಿಮಗೆ ಗೊತ್ತು. ತಾತನ ಅಪ್ಪನ ಹೆಸರು? ಅದೂ ಬಹಳ ಮಂದಿಗೆ ಗೊತ್ತಿರುತ್ತದೆ, ಯಾಕೆಂದರೆ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಆ ಹೆಸರು ಇಟ್ಟಿರುತ್ತಾರೆ. ಅವರ ಅಪ್ಪನ ಹೆಸರು? ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅಜ್ಜಿಯ ಅಮ್ಮನ ಹೆಸರು ಕೇಳಿದರೆ ಇನ್ನೂ ಮುಂಚೆಯೇ ನಿಂತುಬಿಡುತ್ತಾರೆ.

ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯವರನ್ನು ಇದೇ ಪ್ರಶ್ನೆ ಕೇಳಿದರೆ ಅವರು ಸೀದಾ ಊರಿನ ಚರ್ಚಿನ ಪುಸ್ತಕ ನೋಡಿ ಎನ್ನುತ್ತಾರೆ. 1538ರಲ್ಲಿ ಎಂಟನೇ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚಿನವರೂ ತಮ್ಮ ವ್ಯಾಪ್ತಿಯಲ್ಲಿ ನಡೆದ ನಾಮಕರಣ, ಮದುವೆ, ಮಣ್ಣು ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು ಅಂತ. ಹೀಗಾಗಿ ಅಲ್ಲಿನ ಕೂಲಿಯವನ ಮೊಮ್ಮಗ ಕೂಡ ನಾನೂರು ವರ್ಷ ಹಿಂದಕ್ಕೆ ಹೋಗಿ ತನ್ನವರ ಹೆಸರು ಹುಡುಕಬಹುದು.

ನಮ್ಮಲ್ಲಿ ಅಂಥ ಒಂದೇ ಪುಸ್ತಕ ಇಲ್ಲ. ಆದರೆ ಚರಿತ್ರೆ ಇಲ್ಲ ಅಂತಲ್ಲ. ಅದು ಚೆಲ್ಲಾಪಿಲ್ಲಿಯಾಗಿದೆ. ಸ್ವಲ್ಪ ಕಲ್ಲಿನಲ್ಲಿ, ಸ್ವಲ್ಪ ತಾಲ್ಲೂಕು ಕಚೇರಿಯ ಗಂಟಿನಲ್ಲಿ, ಸ್ವಲ್ಪ ಮನೆದೇವರ ಹೆಸರಿನಲ್ಲಿ, ಉಳಿದದ್ದು ಮನೆಯ ಜಗಲಿ ಮೇಲೆ ಕೂತಿರುವ ಅಜ್ಜಿಯ ನೆನಪಿನಲ್ಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳಲ್ಲಿ ಅದು ಎಲ್ಲೆಲ್ಲಿ ಸಿಗುತ್ತದೆ, ಅದರಿಂದ ಏನು ಉಪಯೋಗ ಅಂತ ನಾವು ಇಲ್ಲಿ ಹೇಳುತ್ತೇವೆ.

ನದಿ ಮೂಲ, ಋಷಿ ಮೂಲ ಕೇಳಬಾರದು ಅಂತ ಹಿರಿಯರು ಹೇಳುತ್ತಾರೆ. ನಮ್ಮ ಜಿಲ್ಲೆಯವರಿಗೆ ನದಿ ಮೂಲವಂತೂ ಗೊತ್ತೇ ಇದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ. ಹಾಗಿದ್ದಮೇಲೆ ಮನೆತನದ ಮೂಲವನ್ನೂ ಕೇಳೋಣ, ತಪ್ಪೇನಿದೆ?

ಮೊಲದ ಕಥೆ, ಬೆರಳಿನ ಕಥೆ

ಮೊದಲು ಊರಲ್ಲಿ ಎಲ್ಲರಿಗೂ ಗೊತ್ತಿರುವ ಕಥೆಗಳಿಂದ ಶುರು ಮಾಡೋಣ. ಚಿಕ್ಕಬಳ್ಳಾಪುರದ ಕಥೆ ಇದು: ಆವತಿಯ ಮಲ್ಲಬೈರೇಗೌಡನ ಮಗ ಮರಿಗೌಡ ಕೋಡಿಮಂಚನಹಳ್ಳಿ ಕಾಡಿನಲ್ಲಿ ಬೇಟೆಗೆ ಹೋಗಿದ್ದ. ಬೇಟೆ ನಾಯಿಗಳು ಒಂದು ಮೊಲವನ್ನು ಅಟ್ಟಿಸಿಕೊಂಡು ಹೋದವು. ಮೊಲ ಓಡಲಿಲ್ಲ, ತಿರುಗಿ ನಿಂತಿತು. ಇದು ಗಂಡುಭೂಮಿ ಅಂತ ಅಲ್ಲೇ ಕೋಟೆ ಕಟ್ಟಿಸಿದರು. ಕೋಟೆ ಕಟ್ಟಿದ್ದು ಸುಮಾರು 1479ರಲ್ಲಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಈಗ ಹಂಪಿಗೆ ಹೋಗಿ ಕೇಳಿ. ಹಕ್ಕಬುಕ್ಕರು ಬೇಟೆಗೆ ಹೋದಾಗ ಮೊಲ ನಾಯಿಗಳ ಮೇಲೆ ತಿರುಗಿಬಿತ್ತು, ಅಲ್ಲೇ ವಿಜಯನಗರ ಕಟ್ಟಿದರು ಅಂತ ಅಲ್ಲಿಯವರೂ ಹೇಳುತ್ತಾರೆ. ದಕ್ಷಿಣದ ಇನ್ನೂ ಎಷ್ಟೋ ಕೋಟೆಗಳಿಗೆ ಇದೇ ಕಥೆ ಇದೆ. ಹಾಗಾದರೆ ಕಥೆ ಸುಳ್ಳೇ? ಮೊಲ ನಿಜವಾಗಿ ತಿರುಗಿ ನಿಂತಿತೋ ಇಲ್ಲವೋ ಅನ್ನುವುದು ಮುಖ್ಯವಲ್ಲ. ಒಬ್ಬ ಪಾಳೇಗಾರ ತನ್ನ ಸಣ್ಣ ಕೋಟೆಗೂ ವಿಜಯನಗರಕ್ಕಿದ್ದ ಕಥೆಯನ್ನೇ ಹೇಳಿಸಿಕೊಂಡ, ದೊಡ್ಡವರ ಸಾಲಿನಲ್ಲಿ ತಾನೂ ನಿಲ್ಲಬೇಕೆಂದುಕೊಂಡ. ಕಥೆಯಿಂದ ನಮಗೆ ಸಿಗುವ ನಿಜ ಅದು.

ಆವತಿ ಈಗ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಆ ಮನೆತನದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕಂಚಿಯ ಕಡೆಯಿಂದ ರಣಬೈರೇಗೌಡ ಎಂಬಾತ ತನ್ನ ಕುಟುಂಬದವರನ್ನು ಕಟ್ಟಿಕೊಂಡು, ಮನೆ ಮಗಳ ಮದುವೆಗಾಗಿ ಬಂದ ಬಲವಂತದಿಂದ ತಪ್ಪಿಸಿಕೊಂಡು, ಗಾಡಿಗಳಲ್ಲಿ ಬಂದು ಈ ಬೆಟ್ಟದ ತಪ್ಪಲಲ್ಲಿ ಇಳಿದ ಅಂತ. ಅವರು ಮೊರಸು ಒಕ್ಕಲಿಗರು. ಯಲಹಂಕದ ಕೆಂಪೇಗೌಡರ ಮನೆತನವೂ ಇದೇ ಬೇರಿನದು. ಒಂದು ಹೆಣ್ಣುಮಗಳ ಮಾನಕ್ಕಾಗಿ ಊರು ಬಿಟ್ಟೆವು ಎನ್ನುವ ಈ ಮಾತನ್ನು ಬೇರೆ ಬೇರೆ ಜಾತಿಯ ಮನೆತನಗಳೂ ತಮ್ಮ ವಲಸೆಗೆ ಕಾರಣವಾಗಿ ಹೇಳುತ್ತವೆ. ಬರ, ಸಾಲ, ಯುದ್ಧ ಇವು ಕೂಡ ಜನರನ್ನು ಎಬ್ಬಿಸುತ್ತವೆ. ಆದರೆ ಅದನ್ನು ಯಾರೂ ಮೊಮ್ಮಕ್ಕಳಿಗೆ ಹೆಮ್ಮೆಯಿಂದ ಹೇಳುವುದಿಲ್ಲ.

ಮೊರಸು ಒಕ್ಕಲಿಗರ ಒಂದು ಪಂಗಡಕ್ಕೆ ‘ಬೆರಳು ಕೊಡುವವರು’ ಎಂಬ ಹೆಸರಿತ್ತು. ಮಗಳ ಕಿವಿ ಚುಚ್ಚುವ ಮುಂಚೆ ತಾಯಿ ತನ್ನ ಬೆರಳಿನ ತುದಿ ಕತ್ತರಿಸಿ ಬೈರದೇವರಿಗೆ ಒಪ್ಪಿಸುತ್ತಿದ್ದಳು. ಕೋಲಾರದ ಸೀತಿಬೆಟ್ಟ ಈ ಪದ್ಧತಿಯ ಮುಖ್ಯ ಜಾಗ. ಬ್ರಿಟಿಷರ ಕಾಲದ ಬರಹಗಳಲ್ಲಿ ಇದರ ವಿವರ ಇದೆ. ಮುಂದೆ ಇದು ನಿಂತು, ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕವಚ ತೊಡಿಸಿ ಅದನ್ನೇ ತೆಗೆದು ಕೊಡುವ ರೂಢಿ ಬಂತು. ಗಂಡಸರ ಚರಿತ್ರೆ ಕೋಟೆಯಲ್ಲಿ ಉಳಿದರೆ ಹೆಂಗಸರದು ಅವರ ಕೈ ಮೇಲೇ ಇತ್ತು. ಅವರಲ್ಲಿ ಒಬ್ಬಳ ಹೆಸರೂ ನಮಗೆ ಗೊತ್ತಿಲ್ಲ.

ಬಟ್ಟೆ ಒಗೆಯುವ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ

ಊರಾಚೆ ತೋಪಿನಲ್ಲೋ ಕೆರೆ ಏರಿ ಮೇಲೋ ಒಂದು ಚಪ್ಪಡಿ ನಿಂತಿರುತ್ತದೆ. ಅದರ ಮೇಲೆ ಬಿಲ್ಲು ಹಿಡಿದ ಅಥವಾ ಕತ್ತಿ ಎತ್ತಿದ ಒಬ್ಬ ಆಳು. ಅದು ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ ಇರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಒಂದೇ ಅಂಕಣದ ಕಲ್ಲುಗಳೂ ಬೇಕಾದಷ್ಟಿವೆ. ದನ ಕದಿಯಲು ಬಂದವರನ್ನು ತಡೆದು ಸತ್ತವನು, ಊರಿನ ಹೆಂಗಸರನ್ನು ಕಾಪಾಡಲು ಹೋಗಿ ಸತ್ತವನು, ಹುಲಿ ಅಥವಾ ಹಂದಿಯ ಜೊತೆ ಹೋರಾಡಿ ಸತ್ತವನು, ಇಂಥವರಿಗೆಲ್ಲ ಕಲ್ಲು ನಿಲ್ಲಿಸುತ್ತಿದ್ದರು. ಇವರು ರಾಜರಲ್ಲ. ನಮ್ಮ ನಿಮ್ಮಂಥ ಊರಿನ ಮಂದಿ. ಸಾವಿರ ವರ್ಷದ ಹಿಂದಿನ ಸಾಮಾನ್ಯ ಮನುಷ್ಯನ ಹೆಸರು ಸಿಗುವ ಜಾಗ ಅಂದರೆ ಇದೊಂದೇ.

ಕಲ್ಲಿನ ಮೇಲೆ ಅಕ್ಷರ ಇದ್ದರೆ ಅದನ್ನು ಯಾರಾದರೂ ಈಗಾಗಲೇ ಓದಿರುವ ಸಾಧ್ಯತೆ ಇದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಊರೂರು ಸುತ್ತಿಸಿ ನಕಲು ಮಾಡಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1905ರಲ್ಲಿ ಬಂದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. 2007ರವರೆಗೆ ನಾವು ಕೋಲಾರ ಜಿಲ್ಲೆಯೇ ತಾನೇ? ಆದ್ದರಿಂದ ನಮ್ಮ ನಾಲ್ಕೂ ತಾಲ್ಲೂಕು ಅದರಲ್ಲಿವೆ. ತಾಲ್ಲೂಕುವಾರು ನಂಬರ್ ಕೊಟ್ಟು, ಯಾವ ಊರಿನ ಯಾವ ಜಾಗದಲ್ಲಿ ಕಲ್ಲು ಇದೆ ಅಂತ ಹೇಳಿ, ಮೂಲ ಪಾಠವನ್ನು ಕನ್ನಡ ಅಕ್ಷರದಲ್ಲೂ ಕೊಟ್ಟಿದ್ದಾರೆ. ಈ ಪುಸ್ತಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಫೋನಿನಲ್ಲೇ ತೆರೆದು ನಿಮ್ಮೂರಿನ ಹೆಸರು ಹುಡುಕಿ. ಆದರೆ ಕಾಗುಣಿತ ಹಳೆಯದು. ಗೌರಿಬಿದನೂರು ಅಲ್ಲಿ ‘ಗೋರಿಬಿದ್ನೂರ್’ ಆಗಿದೆ.

ಓದುವಾಗ ಒಂದು ಆಶ್ಚರ್ಯ ಕಾದಿದೆ. ಕೋಲಾರ ಸೀಮೆಯ ಎಷ್ಟೋ ಶಾಸನಗಳು ತಮಿಳಿನಲ್ಲಿವೆ. ಚೋಳರು ಈ ಸೀಮೆಯನ್ನು ‘ನಿಗರಿಲಿ ಚೋಳಮಂಡಲ’ ಎಂದು ಕರೆದು ಆಳಿದ ಕಾಲದವು ಅವು. ಅದಕ್ಕೂ ಮುಂಚೆ ಗಂಗರು, ಬಾಣರು, ನೊಳಂಬರು, ರಾಷ್ಟ್ರಕೂಟರು. ನಂದಿ ಗ್ರಾಮದ ಭೋಗನಂದೀಶ್ವರ ದೇಗುಲಕ್ಕೆ ಸೇರಿದ ಅತಿ ಹಳೆಯ ಶಾಸನ ಸುಮಾರು ಕ್ರಿ.ಶ. 806ರದು. ಆ ದೇಗುಲ ಕಟ್ಟಿಸಿದವಳೆಂದು ಹೇಳುವ ಹೆಸರು ಬಾಣರ ರಾಣಿ ರತ್ನಾವಳಿಯದು. ಮುಂದೆ ಹದಿನೇಳನೇ ಶತಮಾನದಲ್ಲಿ ಕೋಲಾರ, ದೊಡ್ಡಬಳ್ಳಾಪುರದ ಸೀಮೆ ಬಿಜಾಪುರದ ಕೈಗೆ ಬಂದು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಯಿತು. ಚಿಂತಾಮಣಿ ಪಟ್ಟಣದ ಹೆಸರೇ ಚಿಂತಾಮಣಿರಾಯನೆಂಬ ಮರಾಠ ನಾಯಕನಿಂದ ಬಂದದ್ದು. 1762ರಲ್ಲಿ ಹೈದರಾಲಿ ಚಿಕ್ಕಬಳ್ಳಾಪುರ ಹಿಡಿದ. ಕಸಬಾ, ಇನಾಂ, ಶಿರಸ್ತೇದಾರ ಅಂತ ಇವತ್ತಿಗೂ ನಮ್ಮ ಕಚೇರಿಗಳಲ್ಲಿ ಓಡಾಡುವ ಪದಗಳು ಆ ಕಾಲದಿಂದ ಬಂದವು.

ಇನ್ನೊಂದು ಮಾತು. ವೀರಗಲ್ಲಿನ ಕೆಳಗೆ ನಿಧಿ ಇದೆ ಅಂತ ನಂಬಿ ರಾತ್ರಿ ಬಂದು ಅಗೆದು ಒಡೆದು ಹಾಕುವವರಿದ್ದಾರೆ. ಅದರಡಿಯಲ್ಲಿ ಚಿನ್ನ ಇರುವುದಿಲ್ಲ. ದನ ಕಾಯಲು ಹೋಗಿ ಸತ್ತವನ ಕಲ್ಲಿನ ಕೆಳಗೆ ಯಾರು ಚಿನ್ನ ಹೂಳುತ್ತಾರೆ? ಲೇಔಟು ಮಾಡಲು ಜೆಸಿಬಿ ಬಂದಾಗ ಹೋಗುವ ಕಲ್ಲುಗಳು ಇನ್ನೂ ಹೆಚ್ಚು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಜಮೀನು ಎಷ್ಟು ಬೇಗ ಕೈ ಬದಲಾಯಿಸುತ್ತಿದೆ ಎಂದು ನಾವು ಹೇಳಬೇಕಾಗಿಲ್ಲ. ಕಲ್ಲು ಕಂಡರೆ ಬೆಳಗ್ಗೆ ಏಳು ಗಂಟೆಗೋ ಸಂಜೆ ಐದಕ್ಕೋ, ಬಿಸಿಲು ಅಡ್ಡ ಬೀಳುವ ಹೊತ್ತಿಗೆ ಫೋಟೋ ತೆಗೆಯಿರಿ. ಆಗ ಅಕ್ಷರ ಎದ್ದು ಕಾಣುತ್ತವೆ. ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರವಾದರೂ ಉಳಿಯಲಿ ಅಂತ.

ಊರ ಹೆಸರು, ಮನೆ ಹೆಸರು, ಮನೆದೇವರು

ಹೆಸರುಗಳನ್ನು ನಾವು ದಿನಾ ಹೇಳುತ್ತೇವೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ‘ಸಂದ್ರ’ ಅಂತ ಮುಗಿಯುವ ಊರುಗಳೆಲ್ಲ ‘ಸಮುದ್ರ’, ಅಂದರೆ ಯಾರೋ ಕಟ್ಟಿಸಿದ ದೊಡ್ಡ ಕೆರೆ. ನಗರಗೆರೆಯಲ್ಲಿ ಕೆರೆ ಇದೆ, ತೊಂಡೇಭಾವಿಯಲ್ಲಿ ಬಾವಿ ಇದೆ. ಹೊಳೆ ಇಲ್ಲದ ಸೀಮೆಯಲ್ಲಿ ನೀರು ಎಲ್ಲಿತ್ತೋ ಅಲ್ಲಿ ಊರು ಹುಟ್ಟಿತು. ‘ಅಮಾನಿಕೆರೆ’ ಎಂದರೆ ಸರ್ಕಾರ ನೇರವಾಗಿ ನೋಡಿಕೊಳ್ಳುತ್ತಿದ್ದ ಕೆರೆ. ಚಿಕ್ಕಬಳ್ಳಾಪುರದಲ್ಲಿ ಗೋಪಾಲಕೃಷ್ಣ ಅಮಾನಿಕೆರೆ ಇದೆಯಲ್ಲ, ಆ ಹೆಸರಿನಲ್ಲೇ ಹಳೆಯ ಕಂದಾಯದ ವ್ಯವಸ್ಥೆ ಕೂತಿದೆ. ‘ಪಲ್ಲಿ’ ಅಂತ ಮುಗಿದರೆ ತೆಲುಗು, ‘ಹಳ್ಳಿ’ ಅಂತ ಮುಗಿದರೆ ಕನ್ನಡ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ನಮಗೆ ಇದರಲ್ಲಿ ಹೊಸದೇನಿಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ್ದಾರೆ. ಎರಡೂ ಮನೆಯದೇ.

ಮನೆ ಹೆಸರು ಅಂದರೆ ತೆಲುಗಿನವರ ‘ಇಂಟಿಪೇರು’, ಇನ್ನೂ ದೂರ ಕರೆದುಕೊಂಡು ಹೋಗುತ್ತದೆ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಮುದ್ದೇನಹಳ್ಳಿಯದಲ್ಲ. ಅದು ಮೋಕ್ಷಗುಂಡಂ. ಆಂಧ್ರದ ಊರು. ಅವರ ಹಿರಿಯರು ಅಲ್ಲಿಂದ ಬಂದವರು, ಊರು ಬಿಟ್ಟರೂ ಹೆಸರು ಬಿಡಲಿಲ್ಲ. ಇಷ್ಟು ದೊಡ್ಡ ಮನುಷ್ಯರ ಹುಟ್ಟಿದ ವರ್ಷವನ್ನೇ ಒಂದು ಕಡೆ 1860 ಎಂದೂ ಇನ್ನೊಂದು ಕಡೆ 1861 ಎಂದೂ ಬರೆಯುತ್ತಾರೆ. ನಿಮ್ಮ ತಾತನ ಹುಟ್ಟಿದ ತಾರೀಕು ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಮನೆದೇವರು ಎಲ್ಲಿದೆ ಅಂತಲೂ ಕೇಳಿ. ಕದಿರಿ ನರಸಿಂಹಸ್ವಾಮಿ ಅಂದರೆ ಒಂದು ದಿಕ್ಕು, ಸೀತಿ ಬೈರವೇಶ್ವರ ಅಂದರೆ ಇನ್ನೊಂದು ದಿಕ್ಕು. ವರ್ಷಕ್ಕೊಮ್ಮೆ ಮುಡಿ ಕೊಡಲು ಅಷ್ಟು ದೂರ ಯಾಕೆ ಹೋಗುತ್ತೀವಿ ಅಂತ ಯಾರೂ ಯೋಚಿಸುವುದಿಲ್ಲ. ಒಂದು ಕಾಲಕ್ಕೆ ಮನೆತನ ಅದರ ಹತ್ತಿರವೇ ಇದ್ದಿರಬಹುದು. ಇದೊಂದು ಸುಳಿವು ಅಷ್ಟೆ, ಸಾಕ್ಷಿ ಅಲ್ಲ. ತಿರುಪತಿ ತಿಮ್ಮಪ್ಪನ ಒಕ್ಕಲಾದವರೆಲ್ಲ ತಿರುಪತಿಯಿಂದ ಬಂದವರಲ್ಲ. ಮುಸ್ಲಿಂ ಮನೆಗಳಲ್ಲಿ ಯಾವ ದರ್ಗಾಕ್ಕೆ ತಲೆತಲಾಂತರದಿಂದ ಹೋಗುತ್ತಾರೆ ಅಂತ ಕೇಳಬೇಕು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲಕ್ಕೆ ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕ್ರೈಸ್ತರ ಮನೆಯಾದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ಇರುತ್ತದೆ. ಇಂಗ್ಲೆಂಡಿನ ಹಳ್ಳಿಯಲ್ಲಿರುವಂಥದೇ ಅದು.

ರಾಜ್ಯದ ಹಲವು ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನೆಲ್ಲ ಬಾಯಲ್ಲಿ ಹೇಳಿ ದವಸ ಪಡೆದು ಹೋಗುತ್ತಿದ್ದರು. ಅವರ ಹತ್ತಿರ ಬರೆದ ಪುಸ್ತಕಗಳೂ ಇವೆ. ನಿಮ್ಮ ಮನೆಗೆ ಅಂಥವರು ಬರುತ್ತಿದ್ದರಾ ಅಂತ ಹಿರಿಯರನ್ನು ವಿಚಾರಿಸಿ. ಬರುತ್ತಿದ್ದರೆ ಅವರ ಮಕ್ಕಳು ಎಲ್ಲೋ ಇದ್ದಾರೆ.

‘ಬರದ ವರ್ಷ ಹುಟ್ಟಿದೆ’ ಅಂದರೆ ಯಾವ ವರ್ಷ?

ನಮ್ಮ ಹಿರಿಯರಿಗೆ ತಾರೀಕು ಗೊತ್ತಿರಲಿಲ್ಲ, ಆದರೆ ಸಂವತ್ಸರ ಗೊತ್ತಿತ್ತು. ಅರವತ್ತು ಸಂವತ್ಸರಗಳು, ಮುಗಿದರೆ ಮತ್ತೆ ಮೊದಲಿನಿಂದ. ಧಾತು ಸಂವತ್ಸರ 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲಿ ಬಂತು. ಯಾವುದಾದರೂ ಜಾತಕದಲ್ಲೋ ಹಳೆ ಪತ್ರದಲ್ಲೋ ಸಂವತ್ಸರದ ಹೆಸರಿದ್ದರೆ ಅರವತ್ತರ ಲೆಕ್ಕದಲ್ಲಿ ಹಿಂದೆ ಮುಂದೆ ಸರಿದು ವರ್ಷ ಹಿಡಿಯಬಹುದು.

ಹಿಂದಿನವರು ‘ಧಾತು ಈಶ್ವರ ಬರ’ ಅನ್ನುತ್ತಿದ್ದದ್ದು 1876ರಿಂದ 1878ರವರೆಗಿನ ಮಹಾ ಬರವನ್ನು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರ ಹೊತ್ತಿಗೆ ಸುಮಾರು 41.8 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. ಮನೆತನದ ಮರ ಬರೆಯುತ್ತಾ ಹೋದಾಗ ಐದಾರು ತಲೆಮಾರಿನ ಹಿಂದೆ ‘ಒಬ್ಬನೇ ಹುಡುಗ ಉಳಿದಿದ್ದನಂತೆ’, ‘ಸೋದರಮಾವನ ಮನೆಯಲ್ಲಿ ಬೆಳೆದನಂತೆ’ ಅನ್ನುವ ಮಾತು ಬಂದರೆ ಈ ಬರವನ್ನು ನೆನಪಿಸಿಕೊಳ್ಳಿ. 1898ರಿಂದ ಪ್ಲೇಗು ಬಂತು, ಊರ ಹೊರಗೆ ಪ್ಲೇಗಮ್ಮನ ಗುಡಿಗಳು ಎದ್ದವು. 1918ರಲ್ಲಿ ಇನ್‌ಫ್ಲುಯೆಂಜಾ. ಊರಿನ ಜನ ಹಳೇ ಊರು ಬಿಟ್ಟು ಹೊಸ ಊರು ಕಟ್ಟಿಕೊಂಡದ್ದಕ್ಕೆ ಎಷ್ಟೋ ಕಡೆ ಇಂಥ ಕಾಯಿಲೆಗಳೇ ಕಾರಣ.

ಬಿಟ್ಟುಹೋದ ಊರುಗಳಿಗೆ ಕಂದಾಯ ದಾಖಲೆಯಲ್ಲಿ ಒಂದು ಹೆಸರಿದೆ: ಬೇಚಿರಾಕ್. ಪಾರ್ಸಿ ಭಾಷೆಯಲ್ಲಿ ‘ಬೇ ಚಿರಾಗ್’ ಅಂದರೆ ದೀಪ ಇಲ್ಲದ್ದು. ಮನೆ ಇಲ್ಲ, ದೀಪ ಹಚ್ಚುವವರಿಲ್ಲ, ಆದರೆ ಸರ್ವೆ ನಂಬರು ಇದೆ, ನಕ್ಷೆ ಇದೆ. ನಿಮ್ಮ ಪಹಣಿಯಲ್ಲಿ ನೀವು ಕೇಳದೇ ಇರುವ ಊರಿನ ಹೆಸರಿದ್ದರೆ ಅದು ಬೇಚಿರಾಕ್ ಗ್ರಾಮ ಇರಬಹುದು. ಅಲ್ಲಿ ಒಂದು ಹಾಳು ಗುಡಿ, ಒಂದು ಬಾವಿ, ಮುರಿದ ಮಡಕೆ ಚೂರು ಸಿಗಬಹುದು. ನಿಮ್ಮವರು ಅಲ್ಲಿಂದಲೇ ಎದ್ದು ಬಂದಿದ್ದರೂ ಬಂದಿರಬಹುದು.

ಪಹಣಿಯ ಹಿಂದೆ ಏನಿದೆ

ಪಹಣಿ ಎಲ್ಲರಿಗೂ ಗೊತ್ತು. ಬ್ಯಾಂಕಿಗೆ ಬೇಕು, ಸಾಲಕ್ಕೆ ಬೇಕು. ಅದರ ಹಿಂದಿನ ಹಳೆ ಕೈಬರಹದ ಪಹಣಿ, ಮ್ಯುಟೇಷನ್, ಇಂಡೆಕ್ಸ್, ಅಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕ್ಷೆ, ಇವು ಚರಿತ್ರೆಯ ಪುಸ್ತಕಗಳೂ ಹೌದು. ‘ಮುನಿಯಪ್ಪ ಬಿನ್ ಬೈರಪ್ಪ’ ಅಂದರೆ ಬೈರಪ್ಪನ ಮಗ ಮುನಿಯಪ್ಪ. ‘ಬಿನ್’ ಅರಬ್ಬಿ ಮಾತು. ‘ಕೋಂ’ ಅಂದರೆ ಇಂಥವರ ಹೆಂಡತಿ. ಮ್ಯುಟೇಷನ್ ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬಹುದು. ಒಂದು ಎಚ್ಚರ: ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುತ್ತೇವೆ. ಹೀಗಾಗಿ ಬೈರಪ್ಪ, ಮುನಿಯಪ್ಪ, ಮತ್ತೆ ಬೈರಪ್ಪ, ಮತ್ತೆ ಮುನಿಯಪ್ಪ ಅಂತ ಬರುತ್ತದೆ. ವರ್ಷ ಬರೆದುಕೊಳ್ಳದಿದ್ದರೆ ತಾತ ಮೊಮ್ಮಗ ಒಂದಾಗಿಬಿಡುತ್ತಾರೆ.

ಹಳೇ ಕ್ರಯಪತ್ರ, ಪಾಲುಪಾರಿಕತ್ತು ಇದ್ದರೆ ಅದರ ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹೊಲ ಅಂತ ಇರುತ್ತದಲ್ಲ, ಅದರಲ್ಲಿ ಅಕ್ಕಪಕ್ಕದವರ ಹಿರಿಯರೆಲ್ಲ ಸಿಗುತ್ತಾರೆ. ನಿಮ್ಮ ಮನೆಯ ಪತ್ರ ಕಳೆದುಹೋಗಿದ್ದರೆ ಪಕ್ಕದ ಹೊಲದವರ ಪತ್ರದಲ್ಲಿ ನಿಮ್ಮ ಮುತ್ತಾತ ಇರಬಹುದು. ಜಗಳ ಇದ್ದರೂ ಹೋಗಿ ಕೇಳಿ, ಇದಕ್ಕೋಸ್ಕರವಾದರೂ ಒಂದು ಕಾಫಿ ಕುಡಿದಂತಾಗುತ್ತದೆ.

ಶಾನುಭೋಗರು, ಪಟೇಲರು ವಂಶಪಾರಂಪರ್ಯವಾಗಿ ಇದ್ದ ಕಾಲಕ್ಕೆ ಊರಿನ ಲೆಕ್ಕವೆಲ್ಲ ಅವರ ಮನೆಯಲ್ಲಿತ್ತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಆ ಪದ್ಧತಿ ಮುಗಿಯಿತು. ಕೆಲವು ಮನೆಗಳ ಅಟ್ಟದ ಮೇಲೆ ಇನ್ನೂ ಆ ಕಡತಗಳಿವೆ. ಗೆದ್ದಲು ಹಿಡಿಯುವ ಮುಂಚೆ ಫೋಟೋವಾದರೂ ತೆಗೆದಿಡಿ.

ಶಾನುಭೋಗರ ಜೊತೆಗೇ ತೋಟಿ, ತಳವಾರ, ನೀರುಗಂಟಿ ಕೂಡ ಇದ್ದರು. ಊರು ಕಾಯುವುದು, ಸುದ್ದಿ ಮುಟ್ಟಿಸುವುದು, ಕೆರೆ ತೂಬು ಎತ್ತಿ ಹೊಲಹೊಲಕ್ಕೆ ನೀರು ಹಂಚುವುದು ಅವರ ಕೆಲಸ. ಅದಕ್ಕೆ ಬದಲಾಗಿ ಇನಾಂ ಜಮೀನು. ಈ ಕೆಲಸ ಮಾಡಿದವರಲ್ಲಿ ಬಹುಪಾಲು ದಲಿತರು. ಕಾಯ್ದೆ ಬಂದಮೇಲೆ ಆ ಜಮೀನನ್ನು ಅವರ ಹೆಸರಿಗೇ ಮರುಮಂಜೂರು ಮಾಡಬೇಕಿತ್ತು. ನಮ್ಮ ತಾತ ತೋಟಿಯಾಗಿದ್ದ ಅನ್ನುವುದು ಎಷ್ಟೋ ಮನೆಗಳಲ್ಲಿ ಮುಜುಗರದ ಮಾತಾಗಿ ಮುಚ್ಚಿಹೋಯಿತು. ಆ ಮಾತಿನ ಜೊತೆಗೆ ಜಮೀನಿನ ಹಕ್ಕೂ ಮರೆತುಹೋದ ಉದಾಹರಣೆಗಳಿವೆ. ಮನೆತನದ ಚರಿತ್ರೆ ಗೊತ್ತಿಲ್ಲದಿದ್ದರೆ ಆಗುವ ನಷ್ಟ ಇಂಥದು.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಎಲ್ಲಿ?

ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಎಂಬ ಕಾಗದ ನಮ್ಮ ಹಳ್ಳಿಗಳಲ್ಲಿ ಬರೆಯಲಾಗುವ ಒಂದೇ ಒಂದು ಅಧಿಕೃತ ಮನೆತನದ ಚರಿತ್ರೆ. ಅಪ್ಪ ಸತ್ತಾಗ, ಖಾತೆ ಬದಲಾಯಿಸುವಾಗ, ಪಾಲು ಮಾಡುವಾಗ ಅದು ಬೇಕಾಗುತ್ತದೆ. ಅದರಲ್ಲಿ ಗಂಡುಮಕ್ಕಳ ಹೆಸರು ಸಾಲಾಗಿ ಬರೆಸಿ, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಟ್ಟುಬಿಡುವುದು ಹೊಸದಲ್ಲ. ‘ಅವರಿಗೆ ಮದುವೆಯಲ್ಲಿ ಕೊಟ್ಟಾಯಿತಲ್ಲ’ ಅನ್ನುತ್ತಾರೆ.

ಇದು ಸುಳ್ಳು ಚರಿತ್ರೆ, ಜೊತೆಗೆ ಕಾನೂನಿಗೂ ವಿರುದ್ಧ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕೆಂದಿಲ್ಲ ಎಂದು ಹೇಳಿತು. ಹೆಸರು ಬಿಟ್ಟು ಮಾಡಿದ ವಂಶವೃಕ್ಷ ಮುಂದೆ ಕೋರ್ಟಿಗೆ ಹೋಗಿ, ಜಮೀನು ಕೊಂಡವರನ್ನೂ ಮಾರಿದವರನ್ನೂ ವರ್ಷಗಟ್ಟಲೆ ಅಲೆಸುತ್ತದೆ.

ಕೋರ್ಟಿನ ಮಾತು ಬಿಡಿ. ನಿಮ್ಮ ಮರದಲ್ಲಿ ಅರ್ಧ ಕೊಂಬೆಗಳೇ ಇಲ್ಲದಿದ್ದರೆ ಅದು ಮರ ಹೇಗಾಗುತ್ತದೆ? ಅಜ್ಜಿ ಯಾವ ಊರಿನಿಂದ ಬಂದಳು, ಅವಳ ತವರಿನ ಹೆಸರೇನು, ಅವಳ ಜೊತೆ ಹುಟ್ಟಿದವರು ಎಷ್ಟು ಜನ, ಹುಟ್ಟಿ ತೀರಿಕೊಂಡ ಕೂಸುಗಳು ಎಷ್ಟು, ಇದನ್ನು ಬರೆಯಿರಿ. ರಾಗಿ ಬಿತ್ತನೆ ಬೀಜ ಕಟ್ಟಿಟ್ಟವಳು, ಶಿಡ್ಲಘಟ್ಟದ ಕಡೆ ಮನೆಯಾದರೆ ರಾತ್ರಿ ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದವಳು ಅವಳು. ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿದ ಅಂತ ಪಾಠದಲ್ಲಿ ಓದುತ್ತೇವೆ. ಆ ಹುಳುವನ್ನು ಮನೆಮನೆಯಲ್ಲಿ ಸಾಕಿದವರ ಹೆಸರು ಯಾವ ಪಾಠದಲ್ಲೂ ಇಲ್ಲ.

ಊರು ಹೇಳಲು ಇಷ್ಟಪಡದ ಚರಿತ್ರೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಎಲ್ಲರಿಗೂ ಗೊತ್ತು. ಉತ್ತರ ಪಿನಾಕಿನಿಯ ದಂಡೆ, ನಾಗರಕಲ್ಲುಗಳ ರಾಶಿ, ವಿದುರ ನೆಟ್ಟನೆಂದು ಹೇಳುವ ಅಶ್ವತ್ಥ ಮರ ಇದ್ದ ಜಾಗ. 1938ರ ಏಪ್ರಿಲ್ 11ರಂದು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ಧ್ವಜ ಹಾರಿಸಿದರು. ಎರಡು ವಾರದ ಮೇಲೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ ಸತ್ತವರು ಮೂವತ್ತರ ಮೇಲೆ. ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂದಾಯಿತು.

ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಭಾಷಣದಲ್ಲಿ ಹೇಳುತ್ತೇವೆ, ಸ್ಮಾರಕ ಇದೆ. ಆದರೆ ಅಲ್ಲಿ ಬಿದ್ದವರು ಸುತ್ತಲಿನ ಹಳ್ಳಿಗಳವರು. ಪ್ರತಿಯೊಬ್ಬರಿಗೂ ಒಂದು ಮನೆ ಇತ್ತು. ಗಾಯಗೊಂಡು ಬಂದು, ಪೊಲೀಸರ ಭಯಕ್ಕೆ ಯಾರಿಗೂ ಹೇಳದೆ ಮನೆಯಲ್ಲೇ ಮದ್ದು ಮಾಡಿಕೊಂಡವರು ಇದ್ದಿರಬೇಕಲ್ಲ? ಅದು ಬಹುಧಾನ್ಯ ಸಂವತ್ಸರ. ಆಗ ಹತ್ತು ವರ್ಷದವರಿಗೆ ಈಗ ನೂರರ ಹತ್ತಿರ. ನೇರವಾಗಿ ನೋಡಿದವರನ್ನು ಕೇಳುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಅವರಿಂದ ಕೇಳಿದ ಮಕ್ಕಳನ್ನು ಕೇಳುವ ಕಾಲ ಇನ್ನೂ ಇದೆ.

ಇನ್ನೊಂದು ಹೆಸರು ಹೇಳುತ್ತೇವೆ: ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್‌ನಲ್ಲಿ ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಇದು ಚರಿತ್ರೆಯೇ, ಇದೆಲ್ಲ ಯಾಕೆ ಈಗ ಅಂತ ಕೇಳುವವರಿದ್ದಾರೆ. ವೀರಗಲ್ಲಿನಲ್ಲಿ ಸತ್ತವನ ಹೆಸರು ಬರೆದದ್ದು ಊರು ಮರೆಯಬಾರದು ಅಂತ. ಊರಿನ ಚರಿತ್ರೆ ಬರೆಯುವವರು ಕೋಟೆ, ದೇವಸ್ಥಾನ, ದಾನಿಗಳ ಹೆಸರು ಬರೆದು ಕೇರಿಯನ್ನು ಬಿಟ್ಟರೆ ಅದು ಅರ್ಧ ಊರಿನ ಚರಿತ್ರೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಓದಲೆಂದು ಬೆಂಗಳೂರಿಗೆ ನಡೆದೇ ಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅವರೇ ಡಾ. ಎಚ್. ನರಸಿಂಹಯ್ಯ. ಅವರ ಮಾತು ಒಂದೇ ಆಗಿತ್ತು, ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ. ಊರಿನ ಚರಿತ್ರೆಗೂ ಅದನ್ನೇ ಹಚ್ಚಬೇಕು. ‘ಹಿಂದಿನಿಂದ ಹೀಗೇ’ ಅಂತ ಯಾರಾದರೂ ಅಂದರೆ, ಯಾವ ಹಿಂದಿನಿಂದ, ಯಾರು ಹೇಳಿದ್ದು, ಎಲ್ಲಿ ಬರೆದಿದೆ ಅಂತ ಕೇಳಿ.

ಈ ವಾರ ಮಾಡಬಹುದಾದದ್ದು

ದೊಡ್ಡ ಪುಸ್ತಕ ಬರೆಯಬೇಕಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಹತ್ತಿರ ಕೂತು, ಫೋನಿನ ರೆಕಾರ್ಡರ್ ಹಾಕಿ, ಅವರಿಗೆ ಹೇಳಿಯೇ ಹಾಕಿ, ಇವನ್ನು ಕೇಳಿ:

– ನಿಮ್ಮ ಅಪ್ಪ ಅಮ್ಮನ ಹೆಸರು, ಅವರ ಅಪ್ಪ ಅಮ್ಮನ ಹೆಸರು, ತವರಿನ ಊರು.
– ನಮ್ಮವರು ಈ ಊರಿಗೆ ಎಲ್ಲಿಂದ ಬಂದರು ಅಂತ ಹೇಳುತ್ತಿದ್ದರು? ಯಾಕೆ ಬಂದರಂತೆ?
– ಮನೆದೇವರು ಯಾವುದು, ಎಲ್ಲಿದೆ? ಹಿರಿಯರ ಸಮಾಧಿ ಎಲ್ಲಿದೆ?
– ಯಾವ ಬರ, ಯಾವ ಕಾಯಿಲೆ ನೆನಪಿದೆ? ಆಗ ಏನು ತಿಂದಿರಿ?
– ಕೆರೆ ಕೊನೆಯದಾಗಿ ಕೋಡಿ ಬಿದ್ದಾಗ ನಿಮಗೆ ಎಷ್ಟು ವಯಸ್ಸು?
– ಹುಟ್ಟಿದವರಲ್ಲಿ, ಹೋದವರಲ್ಲಿ, ನಾವು ಹೆಸರು ಹೇಳದೇ ಬಿಟ್ಟವರು ಯಾರಾದರೂ ಇದ್ದಾರಾ?

ಕೊನೆಯ ಪ್ರಶ್ನೆಗೆ ಅವಸರ ಮಾಡಬೇಡಿ. ಸುಮ್ಮನೆ ಕೂತಿದ್ದರೆ ಉತ್ತರ ತಾನಾಗಿ ಬರುತ್ತದೆ. ಆಮೇಲೆ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಹೆಸರು, ಊರು, ಅಂದಾಜು ವರ್ಷ ಬರೆದು, ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಕೆಳಗೆ ಬರೆಯಿರಿ. ಅಜ್ಜಿ ಹೇಳಿದ್ದು ಒಂದು, ಚಿಕ್ಕಪ್ಪ ಹೇಳಿದ್ದು ಇನ್ನೊಂದು ಆದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ಹಾಳೆಯ ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಅಣ್ಣನಿಗೂ, ಮದುವೆಯಾಗಿ ಹೋಗಿರುವ ಅಕ್ಕನಿಗೂ ಕಳಿಸಿ. ಅಕ್ಕನ ಹೆಸರು ಆ ಹಾಳೆಯಲ್ಲಿದೆಯಾ ಅಂತ ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.